ಚಿಗುರದ ಗೂಟಗಳು

ಆರು ವಾರ ಕಳೆದರೂ ಗೂಟಗಳು ಚಿಗುರಲಿಲ್ಲ. ಮೊದಲ ದಿನ ನಾನೇ ಕಡಿದು ಹೊಡೆದ ಹನ್ನೆರಡು ಮಾತ್ರ ಎಲೆ ಬಿಟ್ಟಿದ್ದವು. ಉಳಿದ ನೂರಾ ಎಂಬತ್ತು ಹಳ್ಳದ ದಡದಲ್ಲಿ ಒಣಗಿ ನಿಂತಿದ್ದವು.

ನಮ್ಮ ಎಂಡಿರಾಂಡೆ ಕೇರಿಯ ಈ ಹಳ್ಳ ಪ್ರತಿ ಮಳೆಗಾಲ ಒಂದಷ್ಟು ದಡ ತಿನ್ನುತ್ತದೆ. ಹೋದ ವರ್ಷ ನನ್ನ ಪಾಯಿಖಾನೆ ಹೋಯಿತು. ಈಗ ಅಂಚಿನಿಂದ ನನ್ನ ಹಿಂದಿನ ಕೋಣೆಗೆ ಎರಡೇ ಹೆಜ್ಜೆ. ಅಲ್ಲಿ ನಾನೂ ಮೂರು ಮಕ್ಕಳೂ ಮಲಗುತ್ತೇವೆ. ಹಳ್ಳದ ಮೇಲ್ಗಡೆ ದಡಕ್ಕೆ ಕಟ್ಟಿದ್ದ ಸಿಮೆಂಟಿನ ಗೋಡೆ ಎರಡು ಮಳೆಗೆ ಮಗುಚಿಬಿತ್ತು. ಅದಕ್ಕೇ ಕೇರಿಯ ಹೆಂಗಸರು ಸೇರಿ ದಡವನ್ನು ಇಳಿಜಾರಾಗಿ ಕಡಿದೆವು, ಬುಡಕ್ಕೆ ಪುಳ್ಳೆಯ ಹೊರೆಗಳನ್ನು ಒತ್ತಿ ಹಸಿ ಅತ್ತಿ ಗೂಟ ಹೊಡೆದೆವು. ಬೇರು ಬಿಟ್ಟರೆ ದಡ ನಿಲ್ಲುತ್ತದೆ. ಬಿಡದಿದ್ದರೆ ಅದು ಬರೀ ಸೌದೆ.

ಒಂದು ಗೂಟ ಕಿತ್ತು ನೋಡಿದೆ. ಚಿಗುರೊಡೆಯುವ ಕಣ್ಣುಗಳೆಲ್ಲ ನೆಲದ ಕಡೆ ಮುಖ ಮಾಡಿದ್ದವು; ಗೂಟ ತಲೆಕೆಳಗಾಗಿತ್ತು.

ಆ ಗೂಟಗಳನ್ನು ಚೂಪು ಮಾಡಿದವನು ಲೈಸನಿ, ತೀರಿಕೊಂಡ ನನ್ನ ಗಂಡನ ಅಣ್ಣ. ನಲವತ್ತು ವರ್ಷ ಬೇಲಿ ಹಾಕಿದವನು. ನಾನು ಅತ್ತೆಯ ಊರಿಗೆ ಸಾವಿಗೆ ಹೋಗಿದ್ದ ಎರಡು ದಿನ, ಸೊಂಟನೋವಿನಲ್ಲೇ ಎಲ್ಲವನ್ನೂ ಕೆತ್ತಿಕೊಟ್ಟಿದ್ದ. ಗೂಟ ಹಿಡಿದುಕೊಂಡು ಅವನ ಮನೆಗೆ ಹೋದೆ.

"ಭಾವ, ಇದರ ತುದಿ ಯಾಕೆ ಕೆಳಗೆ ಹೋಯ್ತು?"

"ಮತ್ತೆ? ಬುಡ ಕೆಳಗಿಟ್ರೆ ಚಿಗುರುತ್ತಲ್ಲ. ಚಿಗುರೋ ಬೇಲಿ ಯಾರಿಗೆ ಬೇಕು? ನಾನ್ ಹಾಕಿದ್ ಬೇಲಿಲಿ ಇವತ್ತಿನವರೆಗೂ ಒಂದೆಲೆ ಬಂದಿಲ್ಲ."

"ಇದು ಬೇಲಿ ಅಲ್ಲ ಭಾವ. ಚಿಗುರ್ಲಿ ಅಂತಾನೇ ಹಾಕ್ಸಿದ್ದು."

ಅವನು ಗೂಟವನ್ನು ತಿರುಗಿಸಿ ತಿರುಗಿಸಿ ನೋಡಿದ. "ಯಾರೂ ಹೇಳ್ಲಿಲ್ಲ ನಂಗೆ," ಎಂದ. ನಿಜ, ನಾನು ಹೇಳಿರಲಿಲ್ಲ.

ಮಳೆಗೆ ಇನ್ನು ಮೂರೇ ವಾರವಿತ್ತು. ಹದಿನಾಲ್ಕು ಹೆಂಗಸರನ್ನು ಮತ್ತೆ ಕರೆದೆ. ಬಂದವಳು ನಬಾಂಡ ಒಬ್ಬಳೇ. ಅವಳ ಮನೆ ಹಳ್ಳದ ತಿರುವಿನಲ್ಲಿದೆ.

"ಎಲ್ಲಾರ್ಗೂ ಅಂಗೈ ಬೊಬ್ಬೆ ಈಗ ತಾನೇ ಒಣಗಿದೆಯಂತೆ," ಎಂದಳು. "ಯಾರ್ ಕೆಲಸ ಇದು?"

"ತಪ್ಪು ನಂದೇ, ಹೊಡೆಯೋ ಮೊದ್ಲು ನಾನು ನೋಡ್ಲಿಲ್ಲ ಕಣೆ."

"ದೊಡ್ಡ ಮೇಡಮ್ಮು. ನಾಟಿ ಮಾಡೋಕೆ ಬರಲ್ಲ, ಮೀಟಿಂಗ್ ಕರಿಯೋಕೆ ಮಾತ್ರ ಬರುತ್ತೆ."

ಮಾರನೆಯ ದಿನ ಲೈಸನಿ ಹೊಸ ಗೂಟ ಕಡಿದು ತಂದ. ಚರ್ಚಿನ ಹಿಂದಿನ ಅತ್ತಿಮರ ಬೋಳಾಗಿತ್ತು. ನಲವತ್ತಕ್ಕಿಂತ ಹೆಚ್ಚು ಸಿಗಲಿಲ್ಲ. ಈ ಸಲ ಬುಡದ ಕಡೆ ಚೂಪು ಮಾಡಿ, ಒಣಗದಂತೆ ತುದಿಗೆ ಕೆಸರು ಮೆತ್ತಿದ್ದ. ನಬಾಂಡ ನೀರು ತರಲು ಇಳಿದಾಗ ಹತ್ತಿರ ಬಂದ.

"ನಿನ್ ಗೋಡೆ ಹಿಂದೆ ಹೊಡ್ಕೋ. ನಲವತ್ತು ಅಲ್ಲಿಗೆ ಸಾಕು. ಗುಂಪು ಕಟ್ಟಿದವಳು ನೀನು, ಯಾರ್ ಕೇಳ್ತಾರೆ?"

ನನ್ನ ಗೋಡೆಗೆ ನಲವತ್ತು ಸರಿಯಾಗಿ ಸಾಕಾಗುತ್ತಿತ್ತು. ಲೆಕ್ಕ ಅವನು ಹೇಳುವ ಮೊದಲೇ ನಾನೂ ಹಾಕಿದ್ದೆ. ಆದರೆ ನೀರು ಮೊದಲು ಗುದ್ದುವುದು ತಿರುವಿಗೆ, ಅಲ್ಲಿ ಐದು ಮನೆ. ಅವು ಹೋದರೆ ಪ್ರತಿ ಬೆಳಿಗ್ಗೆ ನಲ್ಲಿಯ ಹತ್ತಿರ ಆ ಐದು ಮನೆಯವರ ಮುಖ ನೋಡಬೇಕು. ಅಷ್ಟು ಶಕ್ತಿ ನನ್ನಲ್ಲಿರಲಿಲ್ಲ. ಅದನ್ನು ಒಳ್ಳೆಯತನ ಎನ್ನಲಾರೆ.

"ತಿರುವಿಗೆ ತಗೊಂಡ್ ಹೋಗಿ," ಎಂದೆ.

"ನಿಂಗ್ ತಲೆ ಕೆಟ್ಟಿದೆ."

"ಇರ್ಬಹುದು ಭಾವ. ಹೊರೆ ಎತ್ತಿ."

ನಬಾಂಡ ಹಿಡಿದಳು, ನಾನು ಹೊಡೆದೆ. ತೋಳು ಸೋತಾಗ ಅವಳು ಹೊಡೆದಳು. ಲೈಸನಿ ದಡದ ಮೇಲೆ ಕೂತು, ಪ್ರತಿ ಗೂಟವನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿಯೇ ಕೆಳಗೆ ಕೊಟ್ಟ. ಮುಗಿದಾಗ ನಬಾಂಡ, "ನಿನ್ ಮನೆ ಹಿಂದಕ್ಕೇನು?" ಎಂದಳು.

"ಅಲ್ಲಿಗೆ ಉಳಿದಿಲ್ಲ."

ಅವಳು ಕೈ ತೊಳೆದುಕೊಂಡಳು. "ರಾತ್ರಿಗೆ ಅಂಬಲಿ ಕಾಯಿಸ್ಬೇಡ, ಎನ್ಸಿಮಾ ಮುದ್ದೆ ಕಳಿಸ್ತೀನಿ," ಎಂದು ಹೋದಳು.

ಕತ್ತಲಾಗುವ ಮೊದಲು ಮಕ್ಕಳನ್ನು ಕರೆದು ಹಿಂದಿನ ಕೋಣೆಯ ಚಾಪೆ, ಪೆಟ್ಟಿಗೆಗಳನ್ನು ಮುಂದಿನ ಕೋಣೆಗೆ ಸಾಗಿಸಿದೆ. ಆ ಕೋಣೆಯ ಬಾಗಿಲನ್ನೂ ಚೌಕಟ್ಟಿನಿಂದ ಬಿಚ್ಚಿಟ್ಟೆ. ಒಳ್ಳೆಯ ಬಾಗಿಲು, ಹಳ್ಳಕ್ಕೆ ಕೊಡಲು ಮನಸ್ಸಾಗಲಿಲ್ಲ.