ಎಡಗೈಯ ಶುಂಠಿ

ಶಿರಾಳಕೊಪ್ಪದ ಗೋದಾಮಿನಲ್ಲಿ ಕೊಳೆತ ಶುಂಠಿ ಆರಿಸುವ ಕೆಲಸ ನನ್ನದು. ಈಚೆಗೆ ಮಾಲೀಕರು ಕ್ಯಾಮೆರಾ ಇರುವ ಮಷಿನ್ ತಂದು, "ಯಶೋಧರಾ, ಇದಕ್ಕೆ ನೀನೇ ಕಲಿಸು" ಅಂದರು. ಹತ್ತು ದಿನ ಒಂದೊಂದೇ ಗಡ್ಡೆ ಅದರ ಮುಂದೆ ಹಿಡಿದು ಒಳ್ಳೆಯದು, ಕೊಳೆತದ್ದು ಅಂತ ಹೇಳಿದೆ. ಮಷಿನ್ ನೋಡಿಕೊಳ್ಳುವ ತೀರ್ಥೇಶ್ ಅದಕ್ಕೆ ತಕ್ಕ ಬಟನ್ ಒತ್ತಿದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತ ಗೊಣಗುತ್ತಲೇ ಮುಗಿಸಿದೆ.

ಮನೆಯಲ್ಲೂ ಅದೇ ಪಾಡು. ನಾಲ್ಕು ತಿಂಗಳ ಹಿಂದೆ ಯಜಮಾನರಿಗೆ ಲಕ್ವ ಹೊಡೆದು ಮಾತು ಹೋಗಿತ್ತು. "ಮಗುವಿಗೆ ಕಲಿಸಿದ ಹಾಗೆ ಕಲಿಸಿ. ತಮ್ಮ ಹೆಸರು ತಾವೇ ಹೇಳಿದರೆ ಭರವಸೆ ಇದೆ" ಎಂದಿದ್ದರು ಶಿಕಾರಿಪುರದ ಡಾಕ್ಟರು. ಕೊಡುವಾಗಲೆಲ್ಲ ನೀರು, ಗಂಜಿ ಅನ್ನುತ್ತಿದ್ದೆ, ಆ ಎರಡು ಮಾತು ಬಂದವು. ಹೆಸರು ಬರಲಿಲ್ಲ. ಗಂಡನ ಹೆಸರು ಹೇಳುವುದು ನಮ್ಮಲ್ಲಿಲ್ಲವಲ್ಲ, ದಿನಾ ಎದುರು ಕೂತು "ನಿಮ್ಮ ಹೆಸರೇನ್ರೀ?" ಅಂತ ಕೇಳುತ್ತಿದ್ದೆ, ಅಷ್ಟೆ. ಅವರು ಬಾಯಿ ಬಿಟ್ಟು ನೋಡುತ್ತಿದ್ದರು. ನನ್ನದು ಮೊದಲೇ ಮೂಗಿನ ತುದಿಯ ಸಿಟ್ಟು. ಇವರಿಗೆ ಇನ್ನು ಮಾತೇ ಬರುವುದಿಲ್ಲವೇನೋ ಎಂಬ ಹೆದರಿಕೆಯೂ ಸೇರಿ, "ದಡ್ಡ!" ಅಂದು ಎದ್ದುಬಿಡುತ್ತಿದ್ದೆ.

ಶುಕ್ರವಾರ ನನ್ನ ಜತೆ ಆರಿಸುವ ಎಡಚಿ ಯಮುನಮ್ಮ ಚಿನ್ನದಂಥ ಶುಂಠಿ ಹಿಡಿದರೂ ಕೊಳೆತದ್ದು ಅಂತ ಮಷಿನ್ನಿನ ಕೆಂಪು ದೀಪ ಹತ್ತಿತು. ತೀರ್ಥೇಶ್ ತಲೆ ಕೆರೆದುಕೊಂಡ.

"ಅಕ್ಕ, ನೀವು ಕೊಳೆತದ್ದನ್ನೆಲ್ಲ ಎಡಗೈಲೇ ತೋರ್ಸೀರಿ. ಎಡಗೈಲಿರೋದೆಲ್ಲ ಕೊಳೆತದ್ದು ಅಂತ ಕಲ್ತೈತೆ."

"ಕೊಳೆತದ್ದನ್ನ ಬಲಗೈಲಿ ಯಾರ್ ಮುಟ್ತಾರೋ?"

"ಅದಕ್ಕೇನ್ ಗೊತ್ತು? ಯಾವುದ್ರ ಜತೆ ಯಾವುದು ಬರ್ತೈತೋ ಅದನ್ನೇ ಹಿಡ್ಕೊಳ್ತೈತೆ. ನಮ್ಮ ತಲೇನೂ ಹಂಗೇ ಅಂತೆ."

"ನಿನ್ನ ತಲೆ ಇರಬೋದು" ಅಂದೆ. ಎಲ್ಲರೂ ನಕ್ಕರು.

ಮರುದಿನ ಯಜಮಾನರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಅವರ ಕೈ ಹಿಡಿದು, "ನಿಮ್ಮ ಹೆಸರೇನು?" ಎಂದರು.

"ದಡ್ಡ."

ಒಂದಿಷ್ಟೂ ತೊದಲಲಿಲ್ಲ. ಹೇಳಿ, ಸರಿಯಾಯಿತೇ ಎಂಬಂತೆ ನನ್ನ ಕಡೆ ತಿರುಗಿದರು.

ನರ್ಸಮ್ಮ ಬಾಯಿಗೆ ಸೆರಗು ಹಿಡಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾಲ್ಕು ತಿಂಗಳು ದಿನಕ್ಕೆರಡು ಸಲ ನಾನೇ ಕಲಿಸಿದ್ದು. ಪದ್ಧತಿ ಹಾಳಾಗಲಿ ಅಂತ ಅವರ ಕಾಲ ಬಳಿ ಕೂತು, ಮದುವೆಯಾದ ಮೇಲೆ ಮೊದಲ ಸಲ ಬಾಯಿಬಿಟ್ಟು ಹೇಳಿದೆ: "ಭೀಮಣ್ಣ. ನಿಮ್ಮ ಹೆಸರು ಭೀಮಣ್ಣ ರೀ."

ಅವರು ಇಲ್ಲ ಎಂದು ತಲೆಯಾಡಿಸಿದರು. ತಪ್ಪು ಹೇಳಿದ ಮಗುವನ್ನು ತಿದ್ದುವ ಹಾಗೆ, ನಿಧಾನವಾಗಿ, ನನಗೆ ಇನ್ನೊಮ್ಮೆ ಹೇಳಿಕೊಟ್ಟರು.

"ದಡ್ಡ."