ಗುರುವಾರದ ಪಾಠ

ವ್ಯಾನಿನ ಹಿಂಬಾಗಿಲು ಸರಿಯಾಗಿ ಕೂರಲಿಲ್ಲ. ಪುಸ್ತಕದಂಗಡಿಯ ಮಾಲೀಕ ಅದನ್ನು ಇನ್ನೊಮ್ಮೆ ಎಳೆದು ಬಡಿದ. ಸದ್ದು ಜೋರಾಯಿತೆಂದು ತಾನೇ ಸಂಕೋಚಪಟ್ಟು ಹಿಂದೆ ಸರಿದ. ಒಳಗಿದ್ದದ್ದು ಅವನ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ದುಡಿದ ಹೆಂಗಸಿನ ದೇಹ. ನಾಲ್ಕು ದಿನದ ಜ್ವರ, ಆಸ್ಪತ್ರೆ, ಅಷ್ಟೇ. ಬೇರೆ ಊರಿಂದ ಬಂದಿದ್ದ ಅವಳ ತಂಗಿ ಮುಂದಿನ ಸೀಟಿನಲ್ಲಿ ಕೂತು, ಇನ್ಯಾರಾದರೂ ಬರುವವರಿದ್ದಾರಾ ಎಂದು ಕೇಳಿದಳು. ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ, ನೋಡಿದವರು ಬರಬಹುದು ಎಂದು ಹೇಳಿ ಮಾಲೀಕ ಹಿಂದೆ ನಿಲ್ಲಿಸಿದ್ದ ತನ್ನ ಕಾರು ಹತ್ತಿದ.

ಚಿತಾಗಾರದ ಗೇಟಿನಲ್ಲಿ ಒಬ್ಬರೇ ನಿಂತಿದ್ದರು. ಸರ್ವೆ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತರಾದ ಮುದುಕರು.

*

ಐದು ವರ್ಷದ ಹಿಂದೆ ಮಾಲೀಕ ಅರ್ಧ ಕಪಾಟುಗಳನ್ನು ತೆಗೆಸಿ, ಆ ಜಾಗದಲ್ಲಿ ಕಾಫಿಗೆ ಎರಡು ಮೇಜು, ಪಕ್ಕಕ್ಕೆ ಪರದೆಯ ಮೇಲೆ ಪುಸ್ತಕ ಓದುವ ಇ-ರೀಡರ್ ಯಂತ್ರಗಳ ಕೌಂಟರ್ ಹಾಕಿಸಿದ್ದ. ಎದುರು ಸಾಲಿನ ಪುಸ್ತಕದಂಗಡಿ ಅಷ್ಟರಲ್ಲಿ ಚಪ್ಪಲಿ ಅಂಗಡಿಯಾಗಿತ್ತು. ಕೌಂಟರಿಗೆ ಅವಳನ್ನೇ ಕೂರಿಸಿದ. ಕಪಾಟಿನಲ್ಲಿ ಬೆನ್ನು ನೋಡಿಯೇ ಪುಸ್ತಕ ಗುರುತಿಸುತ್ತಿದ್ದವಳು ಮೊದಲ ದಿನ ಯಂತ್ರವನ್ನು ತಲೆಕೆಳಗಾಗಿ ಹಿಡಿದಿದ್ದಳು. ಒಂದನ್ನು ಮನೆಗೊಯ್ದು ವಾರವೆಲ್ಲ ಒದ್ದಾಡಿ ಕಲಿತಳು. ಆಮೇಲೆ ಎಂಥವರಿಗೂ ಹತ್ತೇ ನಿಮಿಷದಲ್ಲಿ ಕಲಿಸುವಳು.

ತೊಂದರೆಯಾದದ್ದು ಅಲ್ಲೇ. ಕಲಿತವರು ಮತ್ತೆ ಬರುತ್ತಿರಲಿಲ್ಲ. ಪುಸ್ತಕ ಅವರವರ ಮನೆಗೇ ಬಂದಿಳಿಯುತ್ತಿತ್ತು. ಇಪ್ಪತ್ತು ವರ್ಷದ ಗಿರಾಕಿಗಳು ಬೀದಿಯಲ್ಲಿ ಸಿಕ್ಕರೆ, ನಿಮ್ಮಿಂದ ತುಂಬ ಉಪಕಾರವಾಯಿತು ಎಂದು ಹೇಳಿ ನಡೆದುಬಿಡುವರು.

ನಕ್ಷೆಯವರು ಮಾತ್ರ ಗುರುವಾರ ಮೂರಕ್ಕೆ ತಪ್ಪದೆ ಹಾಜರು. ಅಕ್ಷರ ದೊಡ್ಡದು ಮಾಡುವುದು ಮರೆತೆ, ಪುಸ್ತಕ ಇಳಿಸುವುದು ಮರೆತೆ ಎನ್ನುವರು. ಅವಳು ಮೊದಲಿನಿಂದ ಹೇಳಿಕೊಡುವಳು. ನಡುನಡುವೆ ಹಿಂದಿನ ವಾರದ ಕಾದಂಬರಿಯ ಮಾತು. ಅದರಲ್ಲಿನ ಗಂಡ ಮನೆ ಬಿಟ್ಟು ಹೋಗಬಾರದಿತ್ತು ಎಂದು ಇವರು, ಹೋಗದೆ ಇನ್ನೇನು ಮಾಡಬೇಕಿತ್ತು ಎಂದು ಅವಳು. ಅಷ್ಟರಲ್ಲಿ ನಾಲ್ಕಾಗುವುದು.

*

ಮುಗಿಯಲು ಇನ್ನೂ ಹೊತ್ತಿದೆ ಎಂದು ಒಳಗಿನವರು ಹೇಳಿದರು. ಮೂವರೂ ಹೊರಗೆ ಸಿಮೆಂಟಿನ ಬೆಂಚಿನಲ್ಲಿ ಕೂತರು.

"ನಂಗದು ಬರ್ತಿತ್ತು," ಎಂದರು ನಕ್ಷೆಯವರು, ನೆಲ ನೋಡುತ್ತ.

"ಏನು?" ಎಂದ ಮಾಲೀಕ.

"ಆ ಯಂತ್ರ. ಎರಡನೇ ವಾರಕ್ಕೇ ಬಂದ್ಬಿಟ್ಟಿತ್ತು. ಐದು ವರ್ಷ ಅವರ ಹತ್ರ ಸುಳ್ಳು ಹೇಳ್ದೆ."

ಮಾಲೀಕ ಅವರತ್ತ ತಿರುಗಿದ. "ಅವ್ರಿಗೆ ಗೊತ್ತಿತ್ತು ಸಾರ್. 'ಗುರುವಾರ ಮಧ್ಯಾಹ್ನ ನನಗೆ ಬೇರೆ ಕೆಲಸ ಹೇಳ್ಬೇಡಿ' ಅಂತಿದ್ರು. 'ಅವರಿಗೆ ಎಲ್ಲ ಬರತ್ತೆ. ಅದು ನನಗೆ ಗೊತ್ತಾಗಿದೆ ಅಂತ ಅವರಿಗೆ ತಿಳಿದ್ರೆ ಬರೋದು ಬಿಟ್ಬಿಡ್ತಾರೆ' ಅಂತ."

ನಕ್ಷೆಯವರು ಕನ್ನಡಕ ತೆಗೆದರು, ಒರೆಸದೆ ಹಾಗೇ ಹಾಕಿಕೊಂಡರು.

ಅಕ್ಕನ ಮನೆಗೆ ಬಂದಿದ್ದಿರಾ ಎಂದು ತಂಗಿ ಕೇಳಿದಳು.

"ಇಲ್ಲಮ್ಮ. ಯಾವ ಬೀದಿ ಅಂತಾನೂ ಕೇಳ್ಲಿಲ್ಲ."

ತಂಗಿ ಬೀದಿ ಯಾವುದೆಂದು ತಿಳಿಸಿದಳು, ಹಾಲಿನ ಬೂತಿನ ಎದುರು, ಮೊದಲ ಮಹಡಿ ಎಂದೂ ಹೇಳಿದಳು. ನಕ್ಷೆಯವರು ಅಂಗಡಿಗೆ ಬರುತ್ತಿದ್ದ ಬಸ್ಸು ಆ ಮೂಲೆಯಲ್ಲೇ ನಿಲ್ಲುತ್ತಿತ್ತು.

ಎಲ್ಲ ಮುಗಿದ ಮೇಲೆ ಮಾಲೀಕ ಕಾರಿನಲ್ಲಿ ಬಿಡುತ್ತೇನೆಂದ. ಬೇಡವೆಂದು ನಕ್ಷೆಯವರು ಬಸ್ಸು ಹಿಡಿದು ಆ ಮೂಲೆಯಲ್ಲಿ ಇಳಿದುಕೊಂಡರು. ಬೂತಿನ ಪಕ್ಕ ನಿಂತು ತಲೆಯೆತ್ತಿದರು. ಮಹಡಿಯ ಹಗ್ಗದಲ್ಲಿ ಹಸಿರು ಸ್ವೆಟರೊಂದು, ಎಂದೋ ಒಣಗಿದ್ದು, ಎರಡೂ ತೋಳಿಗೆ ಕ್ಲಿಪ್ಪು ಹಾಕಿಸಿಕೊಂಡು ಗಾಳಿಗೆ ಮೆಲ್ಲಗೆ ಆಡುತ್ತಿತ್ತು.