ಪದ್ಧತಿಯ ಅಳು

ಪ್ರೊಜೆಕ್ಟರಿನ ನೀಲಿ ಬೆಳಕು ನಿರ್ಮಲಾ ಮೇಡಂ ಅವರ ಕನ್ನಡಕದ ಮೇಲೆ ಬಿದ್ದು ಕಣ್ಣೇ ಕಾಣುತ್ತಿಲ್ಲ, ನನ್ನ ಗೈಡು ನಗುತ್ತಿದ್ದಾರೋ ಗದರುತ್ತಿದ್ದಾರೋ ತಿಳಿಯುವುದು ಹೇಗೆ, ಸರಿತಾ, ಸಾವಕಾಶ ಮಾತಾಡವಾ, ಓಡಬ್ಯಾಡ ಎಂದು ಬೆಳಿಗ್ಗೆಯೇ ಹೇಳಿದ್ದರು, ಆದರೂ ನಾಲಿಗೆ ಓಡುತ್ತಿದೆ — ನಮಸ್ಕಾರ, ನನ್ನ ಎಂ.ಎ. ಸಂಶೋಧನೆ ಢಾವಲೋ ಕುರಿತು, ನಮ್ಮ ಲಂಬಾಣಿ ಮದುವೆಯಲ್ಲಿ ತವರು ಬಿಡುವ ಹುಡುಗಿ ಒಬ್ಬೊಬ್ಬರ ಕೊರಳು ತಬ್ಬಿ ರಾಗವಾಗಿ ಅಳುವ ಹಾಡು — ಮೊದಲ ಪುಟ ತೆರೆಯಿತು, ಮುಂಡಗೋಡದ ನಮ್ಮ ತಾಂಡಾದ ನಕ್ಷೆ, ಒತ್ತಿದರೆ ಮನೆಮನೆಯ ದನಿ ಕೇಳಬೇಕು, ಕೇಳಿತು, ಸದ್ಯ ಬದುಕಿದೆ. ಇವತ್ತೇ ಕರೆಂಟು ಹೋದರೆ ಎಂದು ಹೆದರಿದ್ದೆ, ಪಕ್ಕದಲ್ಲೇ ಸೂಪಾ ಡ್ಯಾಮು ಇಟ್ಟುಕೊಂಡು ಕರೆಂಟಿಗೆ ಹೆದರುವ ಊರು ನಮ್ಮ ಕಾಲೇಜಿರುವ ಈ ದಾಂಡೇಲಿ. ನನಗಿಂತ ಮುಂಚೆ ನಮ್ಮ ಕ್ಲಾಸಿನ ಮೌನೇಶ ಗಣೇಶಗುಡಿಯ ಹೋಮ್‌ಸ್ಟೇಗಳನ್ನು ತೋರಿಸಿದ, ಅವನ ವಿಡಿಯೋದಲ್ಲಿ ರಾಫ್ಟಿಂಗಿನವರು ಕಿರುಚಿದ್ದೇ ಕಿರುಚಿದ್ದು, ಹೊರಗಿನಿಂದ ಬಂದ ಪರೀಕ್ಷಕರು ಚಹಾದಲ್ಲಿ ಬಿಸ್ಕೀಟು ಅದ್ದುತ್ತ ಚಲೋ ಐತಿ ಎಂದರು, ನನಗೇನು ಅನ್ನುತ್ತಾರೋ. ಬ್ಯಾಗಿನಲ್ಲಿ ಫೋನು ಗುರ್ರೆನ್ನುತ್ತಿದೆ, ರೂಪಾಲಿಯೇ, ಮತ್ತ್ಯಾರು, ಭೋಜಪ್ಪ ಕಾಕಾನ ಮಗಳು, ನನ್ನ ಜೊತೆ ಒಂದೇ ಕೌದಿಯಲ್ಲಿ ಮಲಗಿ ಬೆಳೆದವಳು, ಮದುವೆಯಾಗಿ ಹಳಿಯಾಳದ ಕಡೆ ಹೋದಾಗಿನಿಂದ, ಗಂಡ ಹೊಲಕ್ಕೆ ಹೋದನೆಂದರೆ ಸಾಕು — ನನ್ನ ಕರಕೊಂಡು ಹೋಗಕ್ಕಾ, ಇಲ್ಲಿ ನನಗ ಇರಾಕ ಆಗೂದಿಲ್ಲ, ಅಪ್ಪಗ ನೀನರ ಹೇಳು. ಹೇಳಿದೆನಲ್ಲ, ಕಾಕಾ ಅಂಗೈಯಲ್ಲಿ ತಂಬಾಕು ತಿಕ್ಕುತ್ತ ನಕ್ಕುಬಿಟ್ಟ, ಮದಿವ್ಯಾಗೂ ಅತ್ತಳು, ಈಗೂ ಅಳ್ತಾಳ, ಹೆಣ್ಣಮಕ್ಕಳ ಪದ್ಧತಿನ ಹಂಗ, ದೀಪಾವಳಿಗೆ ಬರ್ತಾಳ ಬಿಡು. ನಾನಾದರೂ ಏನು ಅಂದೆ, ಮೊದಮೊದಲ ಎಲ್ಲಾರಿಗೂ ಹಂಗ ಅನಸ್ತೈತಿ ರೂಪಾ, ನನ್ನ ಪ್ರೆಸೆಂಟೇಷನ್ ಮುಗೀಲಿ, ಬರ್ತೇನಿ. ಆಗಿನಿಂದ ಮುಗಿಯುತ್ತಲೇ ಇದೆ ನನ್ನ ಪ್ರೆಸೆಂಟೇಷನ್.

ಮುಂದಿನ ಪುಟ, ಮಣಿಬಾಯಿ ಅಜ್ಜಿ, ತಾಂಡಾದಲ್ಲಿ ಅಳುವುದನ್ನು ಕಲಿಸುವವಳು — ಹೌದು ಸರ್, ಕಲಿಸುತ್ತಾರೆ, ಮದುವೆಗೆ ಮುಂಚೆ ಹುಡುಗಿಯನ್ನು ಕೂರಿಸಿಕೊಂಡು, ಎಲ್ಲಿ ಉಸಿರು ತೆಗೆಯಬೇಕು, ಎಲ್ಲಿ ದನಿ ಒಡೆಯಬೇಕು, ಚೆನ್ನಾಗಿ ಅಳದವಳನ್ನು ಅತ್ತೆಯ ಮನೆಯವರೂ ಆಡಿಕೊಳ್ಳುತ್ತಾರೆ — ಪರದೆಯ ಮೇಲೆ ಅಜ್ಜಿ ಬಾಯಿ ತೆರೆದಳು, ಕೆಳಗೆ ನಾನೇ ಹಾಕಿದ ಕನ್ನಡ, ಅಪ್ಪಗ ಬೈಯಿ, ಅಣ್ಣಗ ಬೈಯಿ, ನನ್ನ ಯಾಕ ದೂರ ಮಾಡ್ತೀರಿ ಅನ್ನು, ನಾ ಹೋಗೂದಿಲ್ಲ ಅನ್ನು, ಎಷ್ಟ ಬೇಕಾದಷ್ಟ ಅನ್ನು, ಯಾರೂ ಸಿಟ್ಟಾಗೂದಿಲ್ಲ. ಎಲ್ಲರೂ ನಕ್ಕರು, ಮೇಡಂ ಕೂಡ, ನಾನೂ ನಕ್ಕೆ, ಇಲ್ಲಿ ನಗುತ್ತಾರೆಂದು ಗೊತ್ತಿದ್ದೇ ಈ ತುಣುಕನ್ನು ಇಲ್ಲಿಟ್ಟಿದ್ದು. ಯಾರೂ ಸಿಟ್ಟಾಗುವುದಿಲ್ಲ, ಯಾಕೆಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ — ಇದು ಎಲ್ಲಿಂದ ಬಂತು ತಲೆಗೆ, ಪ್ರಬಂಧದಲ್ಲಿ ಬರೆದಿಲ್ಲವಲ್ಲ ಇದನ್ನು. ಇನ್ನು ಮುಖ್ಯವಾದದ್ದು, ಸರ್, ನಾನೇ ಫೋನಿನಲ್ಲಿ ಚಿತ್ರೀಕರಿಸಿದ ಢಾವಲೋ, ಬಟನ್ ಒತ್ತಿದೆ, ಗೋಡೆಯೆತ್ತರಕ್ಕೆ ರೂಪಾಲಿ. ಅಂಗೈಯಷ್ಟು ಫೋನಿನಲ್ಲಿ ನಾನು ಕತ್ತರಿಸಿ ಜೋಡಿಸಿ ನೋಡಿದವಳು ಇಷ್ಟು ದೊಡ್ಡವಳಾಗಿ ನಿಂತರೆ ಹೆದರಿಕೆಯಾಗುತ್ತದೆ. ಕಾಕಾನ ಕೊರಳು ತಬ್ಬಿದಳು, ನಾ ಹೋಗೂದಿಲ್ಲ, ಹಿಂದಿನಿಂದ ಹೆಂಗಸರ ಮೆಚ್ಚುಗೆ, ಅಬಬಾ ಎಷ್ಟ ಚಂದ ಅಳ್ತಾಳ, ಆಮೇಲೆ ನನ್ನ ಕಡೆ ತಿರುಗಿದಳು, ಚಿತ್ರ ಅಲುಗಿತು, ದನಿ ಹಾಡಿನಿಂದ ಜಾರಿತು, ಅದಕ್ಕೆ ಪ್ರಬಂಧದಲ್ಲಿ ನಾನು ಬರೆದಿದ್ದೇನೆ, ದಣಿವಿನಿಂದ ರಾಗ ತಪ್ಪುತ್ತದೆ. ದಣಿವಂತೆ. ಎಷ್ಟು ಶಾಣ್ಯಾಕಿ ನಾನು. ನಿಲ್ಲಸ್ರಿ, ಅಲ್ಲೇ ನಿಲ್ಲಸ್ರಿ, ಪರೀಕ್ಷಕರು ಕಪ್ಪು ಕೆಳಗಿಟ್ಟರು, ಇದನ್ನ ಪದ್ಧತಿ ಅಳು ಅಂತ ಬರದೀಯಲ್ಲವಾ, ಹುಡುಗಿ ಖರೇನ ಹೋಗೂದಿಲ್ಲ ಅಂತಿದ್ದರ ಹೆಂಗ ಗೊತ್ತಾಕ್ಕೈತಿ? ಉತ್ತರ ಇದೆ ಸರ್, ನಾಲ್ಕನೆಯ ಅಧ್ಯಾಯದಲ್ಲಿದೆ, ಉಸಿರಿನ ಲಯ, ಸಾಲುಗಳ ಪುನರಾವರ್ತನೆ, ಬಾಯಿಪಾಠ ಮಾಡಿದ್ದೇನೆ, ಹೇಳಬೇಕು, ಹೇಳಿದರೆ ಮುಗಿಯಿತು, ಮೊದಲ ದರ್ಜೆ.

ಹೇಳು ಸರಿತಾ, ಮೇಡಂ ದನಿ, ಹೇಳುತ್ತೇನೆ, ಪರದೆ ನಿಂತಿದೆ, ಹಾಡು ಮುಗಿದ ಜಾಗದಲ್ಲಿ ನಿಂತಿದೆ, ಹಿಂದೆ ಹೆಂಗಸರು ಮುಖ ಒರೆಸಿಕೊಂಡು ಆಗಲೇ ನಗುತ್ತಿದ್ದಾರೆ, ಒಬ್ಬಳ ಕೈಯಲ್ಲಿ ಚಹಾದ ಲೋಟ, ಹಾಡಿನ ಅಳು ಹಾಗೇ ಮುಗಿಯುತ್ತದೆ, ರೂಪಾಲಿಯದು ಮುಗಿದಿಲ್ಲ, ಬಾಯಿ ಮುಚ್ಚಿದ್ದಾಳೆ, ಕೆಳಗೆ ಮೂಲೆಯಲ್ಲಿ ಅವಳ ಬೆರಳುಗಳು, ಫೋನಿನಲ್ಲಿ ಬರೀ ಮುಖ ನೋಡಿದ್ದೆ, ಬೆರಳು ನೋಡಿರಲಿಲ್ಲ, ಯಾರದೋ ದುಪಟ್ಟಾ ಗಟ್ಟಿಯಾಗಿ ಹಿಡಿದುಕೊಂಡಿವೆ, ಹಸಿರು ದುಪಟ್ಟಾ, ನನ್ನದು, ಅದರ ಮೇಲೆ ಇನ್ನೊಂದು ಕೈ, ಕೈಗಡಿಯಾರದ ಕೈ, ಅವಳ ಬೆರಳು ಬಿಡಿಸುತ್ತಿದೆ, ಸರ್, ಉಸಿರಿನ ಲಯ, ಹೆಬ್ಬೆರಳು ಬಿಡಿಸಿ ಆಗಿದೆ, ತೋರುಬೆರಳು ಬಿಡಿಸಿ ಆಗಿದೆ, ಹೇಳವಾ, ಹೆಂಗ ಗೊತ್ತಾಕ್ಕೈತಿ, ಇನ್ನೂ ಹಿಡಿದುಕೊಂಡೇ ಇರುವ ಆ ಕಿರುಬೆರಳು, ಅದನ್ನು ಬಿಡಿಸುತ್ತಿರುವ ನನ್ನ ಕೈ, ನನ್ನ ಕೈ